ಇಲ್ಲದ ಮಹಡಿ

ಬಾತ್ಕೆನ್, ಜುಲೈ 9

ತಮ್ಮಾ ಮಾಮಸಾಲಿ,

ಈಗ ಮಧ್ಯಾಹ್ನ ನಾಲ್ಕು ಗಂಟೆ. ಇವತ್ತು ನಿನ್ನ ತಮ್ಮ ಎರ್ಮೆಕ್‌ನನ್ನು ಮಣ್ಣು ಮಾಡಿದೆವು. ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ.

ನಿನ್ನೆ ಬೆಳಿಗ್ಗೆ ಗಡಿ ಕಾಲುವೆಯ ತೂಬಿನ ಹತ್ತಿರ ಆಚೆ ದಡದವರಿಗೂ ನಮ್ಮವರಿಗೂ ಕಲ್ಲು ತೂರಾಟ ಶುರುವಾಯಿತು. ನೀರಿಗಾಗಿ ಪ್ರತಿ ಬೇಸಿಗೆಯೂ ಆಗುವಂಥದ್ದು, ಚಹಾದ ಹೊತ್ತಿಗೆ ಮುಗಿಯುತ್ತದೆ ಅಂದುಕೊಂಡು ನಾನು ಹಿಟ್ಟು ಕಲಸಿಟ್ಟೆ. ಹಿಟ್ಟು ಉಬ್ಬುವ ಮೊದಲೇ ಬಂದೂಕಿನ ಸದ್ದು ಬಂತು. ಆಮೇಲೆ ಬೆಟ್ಟದ ಮೇಲಿನಿಂದ ಫಿರಂಗಿ. ಮೊದಲ ಗುಂಡು ಬೀದಿಯ ತುದಿಯ ವಿದ್ಯುತ್ ಕಂಬಕ್ಕೆ ಬಿತ್ತು, ಎರಡನೆಯದು ನಮ್ಮ ಕೊಟ್ಟಿಗೆಗೆ ಬಿದ್ದು ಬೆಂಕಿ ಹತ್ತಿತು. ನಿನ್ನ ಹೆಂಡತಿ ಗುಲ್ಬಾರ್ಚಿನ್ ಬಕೆಟ್ ಹಿಡಿದು ಒಳಗೆ ನುಗ್ಗಿದಳು. ಎರ್ಮೆಕ್ ಹಿಂದೆಯೇ ಓಡಿ ಅವಳ ಜಡೆ ಹಿಡಿದು ಎಳೆದು ಹೊರಗೆ ಎಸೆದ. "ಅತ್ತಿಗೇ, ಹಸು ಬೇಕಾದ್ರೆ ಇನ್ನೊಂದು ತರಬಹುದು, ನಿನ್ನನ್ನ ಎಲ್ಲಿಂದ ತರೋದು?" ಅಂತ ಬೈದ. ಬೈದವನೇ ಹಸು ಬಿಚ್ಚಲು ತಾನೇ ಒಳಗೆ ಹೋದ.

ಹಸು ಹೊರಗೆ ಬಂತು. ಅವನು ಬಾಗಿಲಲ್ಲಿ ಬಿದ್ದ. ಗುಂಡು ಕಿವಿಯ ಹಿಂದಿನಿಂದ ಹೊಕ್ಕು ದವಡೆಯನ್ನು ಒಡೆದುಕೊಂಡು ಹೋಗಿತ್ತು. ನನ್ನ ತಲೆವಸ್ತ್ರ ಬಿಚ್ಚಿ ಅವನ ಮುಖವನ್ನು ಒಂದುಗೂಡಿಸಿ ಕಟ್ಟಿದೆ. ಊರು ಬಿಟ್ಟು ಬರುವಾಗ ಟ್ರಕ್ಕಿನಲ್ಲಿ ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಯಾರು ಹೊಡೆದರು ಅಂತ ಯಾರಿಗೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಮ್ಮವರೂ ಹೊಡೆಯುತ್ತಿದ್ದರು, ಅವರೂ ಹೊಡೆಯುತ್ತಿದ್ದರು.

ಹೀಗೆ ಸತ್ತವನಿಗೆ ಸ್ನಾನ ಬೇಡ ಅಂದರು ಮುಲ್ಲಾ. ಹಾಕಿದ್ದ ಅಂಗಿಯಲ್ಲೇ ಇಳಿಸಿದರು.

ನಾವೀಗ ಬಾತ್ಕೆನ್‌ನ ಒಂದು ಶಾಲೆಯಲ್ಲಿದ್ದೇವೆ. ನಿನಗೆ ಫೋನು ಮಾಡಲು ಹೊರಟಾಗ ಜೋಲ್ದೋಶ್ ದೊಡ್ಡಪ್ಪ ಕೈ ಹಿಡಿದರು.

"ಸಾವನ್ನ ಫೋನಲ್ಲಿ ಹೇಳೋ ಪದ್ಧತಿ ನಮ್ಮಲ್ಲಿ ಎಲ್ಲಿದೆ ಬುರುಲ್? ಅವನು ದುಡಿಯೋಕೆ ಅಷ್ಟು ದೂರ ಹೋಗಿ, ಕಾಲು ಮುರ್ಕೊಂಡು ಸುರ್ಗುತ್‌ನಲ್ಲಿ ಬಿದ್ದಿದಾನೆ. ಅಲ್ಲಿ ಅವನ ತೋಳು ಹಿಡ್ಕೊಳ್ಳೋಕೆ ಯಾರಿದ್ದಾರೆ? ಕಾಲು ನೆಟ್ಟಗಾಗಿ ಊರಿಗೆ ಬರ್ಲಿ. ನಾಲ್ಕು ಜನ ಹಿರೀಕರು ಎದುರು ಕೂತು ಹೇಳ್ತೀವಿ."

"ಅಲ್ಲಿವರೆಗೆ ಅವನ ಹತ್ರ ಮಾತಾಡ್ದೇ ಇರ್ಲಾ?"

"ಬರಿ. ಫೋನಲ್ಲಿ ನೀನು ಏನೂ ಹೇಳ್ದೇ ಇದ್ರೂ ನಿನ್ನ ದನಿ ಹೇಳ್ಬಿಡುತ್ತೆ. ಅವನ ಕೋಪ ಗೊತ್ತಲ್ಲ? ಊರುಗೋಲಲ್ಲೇ ಕಾಲುವೆ ದಾಟಿ ಯಾರನ್ನಾದ್ರೂ ಕೊಂದು ಬರ್ತಾನೆ. ಒಬ್ಬನ್ನ ಮಣ್ಣು ಮಾಡಿದ್ದು ಸಾಕು."

ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಕಳಿಸುವುದನ್ನು ಬೇರೆಯಾಗಿ ಬರೆಯುತ್ತೇನೆ.

ಬುರುಲ್


ಬಾತ್ಕೆನ್, ಜುಲೈ 10

ತಮ್ಮಾ ಮಾಮಸಾಲಿ,

ಗಲಾಟೆಯ ಸುದ್ದಿ ನಿನಗೂ ತಲುಪಿರಬೇಕು. ನಾವೆಲ್ಲ ಬಾತ್ಕೆನ್‌ಗೆ ಬಂದು ಸೇರಿದ್ದೇವೆ. ಇಲ್ಲಿನವರು ಹಾಸಿಗೆ, ರೊಟ್ಟಿ, ಸಾರು ಎಲ್ಲ ತಂದುಕೊಡುತ್ತಾರೆ. ಕೊಟ್ಟಿಗೆ ಸ್ವಲ್ಪ ಸುಟ್ಟಿದೆ. ಎರ್ಮೆಕ್ ಕುರಿಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋದ. ಅಲ್ಲಿ ಫೋನು ಸಿಗುವುದಿಲ್ಲ ಅಂತ ನಿನಗೆ ಗೊತ್ತು.

ಗುಲ್ಬಾರ್ಚಿನ್‌ಗೆ ಸ್ವಲ್ಪ ಜ್ವರ. ಅಷ್ಟೇ. ಗಾಬರಿಯಾಗಬೇಡ.

ಇಲ್ಲಿ ತುಂಬ ಗದ್ದಲ, ಫೋನಿನಲ್ಲಿ ಏನೂ ಕೇಳುವುದಿಲ್ಲ. ಹೀಗೆ ಬರೆದು ಫೋಟೊ ತೆಗೆದು ಕಳಿಸುತ್ತೇನೆ. ಕಾಲಿನ ಮೇಲೆ ಭಾರ ಹಾಕಬೇಡ.

ನಿನ್ನ ಅಕ್ಕ


ಸುರ್ಗುತ್, ಜುಲೈ 12

ಅಕ್ಕಾ,

ನಿನ್ನ ಕಾಗದ ಸಿಕ್ತು. ಅದೇನು ಅಷ್ಟು ಗದ್ದಲ? ಸಂತೆಯೊಳಗೆ ನಿಂತೂ ಗಂಟೆಗಟ್ಟಲೆ ಫೋನಲ್ಲಿ ಹರಟೋಳು ನೀನು. ಇರ್ಲಿ, ನಿನ್ನ ಅಕ್ಷರ ನೋಡಿ ವರ್ಷಗಳೇ ಆಗಿತ್ತು.

ಪ್ಲಾಸ್ಟರು ತೊಡೆವರೆಗೂ ಇದೆ. ಕೆಲಸ ಇಲ್ಲ. ರೂಮಿನ ಜೊತೆಗಾರ ವಗೀಜ್, ತಾತಾರ ಜನಾಂಗದೋನು, ಕ್ರೇನ್ ಓಡಿಸೋನು, ತನ್ನ ಕಂಪ್ಯೂಟರ್ ಬಿಟ್ಟುಕೊಟ್ಟಿದಾನೆ. ಅದರಲ್ಲೊಂದು ವಿಮಾನದ ಆಟ. ಆಟ ಅಂದ್ರೆ ಅವನಿಗೆ ಕೋಪ ಬರುತ್ತೆ. "ಆಟ ಅಲ್ಲ ಕಣೋ, ಪೈಲಟ್‌ಗಳು ಇದ್ರಲ್ಲೇ ಕಲಿಯೋದು" ಅಂದ. "ಹಾಗಾದ್ರೆ ನೀನ್ಯಾಕೆ ಇನ್ನೂ ಕ್ರೇನಲ್ಲಿ ಕೂತಿದೀಯ?" ಅಂದೆ. ಎರಡು ದಿನ ಚಹಾ ಮಾಡಿಕೊಡ್ಲಿಲ್ಲ.

ಇಡೀ ಭೂಮಿ ಇದೆ ಅಕ್ಕಾ ಇದರೊಳಗೆ. ಬೇರೆಯವರೆಲ್ಲ ಸಮುದ್ರ, ದ್ವೀಪ, ದೊಡ್ಡ ದೊಡ್ಡ ಊರು ನೋಡೋಕೆ ಹೋಗ್ತಾರಂತೆ. ನಾನು ಓಶ್ ವಿಮಾನ ನಿಲ್ದಾಣದಿಂದ ಒಂದು ಪುಟ್ಟ ವಿಮಾನ ಏರಿಸಿ ಪಶ್ಚಿಮಕ್ಕೆ ತಿರುಗಿಸಿದೆ. ಎಡಗಡೆ ಹಿಮದ ಬೆಟ್ಟಗಳ ಸಾಲು, ಬಲಗಡೆ ಬಯಲು. ಹಳ್ಳ, ಹಳ್ಳ ಆದ್ಮೇಲೆ ಬೋಳುಗುಡ್ಡ, ಮತ್ತೆ ಹಳ್ಳ. ಕೊನೆಗೆ ನಮ್ಮ ಹಳ್ಳ ಬಂತು, ನಮ್ಮೂರು. ಸಾರಿ-ಜಾರ್! ಕಾಲುವೆ ದಾರದ ಥರ. ತೋಟ. ಮನೆಗಳ ಮೇಲೆ ಕಿತ್ತಳೆ ಕಿತ್ತಳೆ ಚುಕ್ಕಿ. ಏನಿದು ಅಂತ ಕೆಳಗಿಳಿದು ನೋಡಿದ್ರೆ, ಒಣಗೋಕೆ ಹಾಕಿದ ಜರ್ದಾಳು! ಯಾವುದೋ ಜುಲೈಯಲ್ಲಿ ಆಕಾಶದಿಂದ ಫೋಟೊ ತೆಗೆದಿದಾರೆ. ನೀನು ಮಗ್ಗುಲಲ್ಲೇ ಇದ್ದಿರ್ತೀಯ, ಮೇಲೆ ನೋಡಿರಲ್ಲ.

ನೆಲದ ಚಿತ್ರ ಫೋಟೊ, ಆದ್ರೆ ಮನೆಗಳನ್ನ ಕಂಪ್ಯೂಟರು ತಾನೇ ಊಹೆ ಮಾಡಿ ಎಬ್ಬಿಸುತ್ತಂತೆ. ನಮ್ಮ ಮನೆಗೆ ಒಂದು ಮಹಡಿ ಕಟ್ಟಿಬಿಟ್ಟಿದೆ! ಎರ್ಮೆಕ್ ಇಳಿದು ಬಂದ್ಮೇಲೆ ಹೇಳು, ಮದುವೆ ಆದ್ರೆ ಮೇಲಿನ ಕೋಣೆ ಅವನಿಗೇ. ಕಾಲುವೆ ಆಚೆಗೂ ಒಂದು ಸುತ್ತು ಹೊಡೆದೆ, ಅವರ ಊರು ಚೋರ್-ದರಖ್ತ್ ಮೇಲೆ. ನಿಜದಲ್ಲಾದ್ರೆ ಹೊಡೆದು ಉರುಳಿಸ್ತಿದ್ರು.

ಗುಲ್ಬಾರ್ಚಿನ್‌ಗೆ ಜ್ವರ ಅಂದ್ಯಲ್ಲ. ಒಂದು ಸಲ ಫೋನು ಅವಳ ಕೈಗೆ ಕೊಡು. ಒಂದು ಮಾತು ಆಡಿದ್ರೆ ಸಾಕು.

ಮಾಮಸಾಲಿ


ಸಾರಿ-ಜಾರ್‌ನಿಂದ ಬಂದ ಮೇಲೆ, ಜುಲೈ 14

ತಮ್ಮಾ, ಇದನ್ನೂ ಕಳಿಸುವುದಿಲ್ಲ.

ಇವತ್ತು ಸೈನಿಕರ ಜೊತೆ ಊರಿಗೆ ಹೋಗಿ ಬಂದೆವು. ಮನೆಗೆ ಅರ್ಧ ಗಂಟೆಯೂ ಕೊಡಲಿಲ್ಲ. ನೀನು ಮೇಲಿನಿಂದ ನೋಡಿದ ಬೀದಿಯಲ್ಲೇ ನಾನು ನಡೆದೆ. ಜರ್ದಾಳು ಹಾಕುತ್ತಿದ್ದ ಮಾಡು ಒಳಗೆ ಕುಸಿದು ನೆಲದ ಮೇಲೆ ಬಿದ್ದಿದೆ. ನಾನು ಕಲಸಿಟ್ಟ ಹಿಟ್ಟು ಬೋಗುಣಿಯಲ್ಲಿ ಕಲ್ಲಾಗಿತ್ತು. ನಾಯಿಯನ್ನು ಸರಪಳಿಯಲ್ಲೇ ಸುಟ್ಟಿದ್ದಾರೆ. ಪಕ್ಕದ ಮನೆಯ ಗೋಡೆಯ ಮೇಲೆ ನಮ್ಮ ತಾಯಂದಿರ ಬಗ್ಗೆ ಇದ್ದಿಲಿನಲ್ಲಿ ಏನೇನೋ ಬರೆದಿದ್ದಾರೆ. ನಮ್ಮ ಚಿಕ್ಕಮ್ಮನ ಮಗ ಶಾಬ್ದಾನ್ ಅದನ್ನು ಓದಿ ತಲೆಯನ್ನು ಗೋಡೆಗೆ ಚಚ್ಚಿಕೊಂಡ. "ಒಬ್ರ ಹೆಸರು ಹೇಳಿ ನಂಗೆ, ಒಂದೇ ಒಂದು ಹೆಸರು! ಯಾರ ಮನೆ ಅಂತ ಹೇಳಿ ಸಾಕು!" ಅಂತ ಕೂಗಿದ. ಹಣೆಯಿಂದ ರಕ್ತ ಹರಿದು ಬಾಯಿಗೆ ಬರುತ್ತಿತ್ತು, ಉಗುಳುತ್ತ ಕೂಗುತ್ತಿದ್ದ. ಕಾಲುವೆ ಆಚೆಯೂ ಹೊಗೆ ಏಳುತ್ತಿತ್ತು. ಅದು ನಮ್ಮವರು ಹಚ್ಚಿದ್ದು. ಅದನ್ನು ಯಾರೂ ಮಾತಾಡಲಿಲ್ಲ.

ಗುಲ್ಬಾರ್ಚಿನ್‌ಗೆ ನಿನ್ನ ಕಾಗದ ಓದಿ ಹೇಳಿದೆ. ಮಹಡಿಯ ಮಾತು ಬಂದಾಗ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಹೊಗೆ ಕುಡಿದು ಅವಳ ಗಂಟಲು ಹೋಗಿದೆ, ಉಸಿರಿನಲ್ಲೇ ಮಾತಾಡುತ್ತಾಳೆ.

"ಒಂದು ಫೋಟೊ ಆದ್ರೂ ಕಳಿಸೋಣ ಕಣೇ" ಅಂದೆ.

ಸುಟ್ಟ ಹುಬ್ಬನ್ನು ಮುಟ್ಟಿ ತೋರಿಸಿದಳು. "ಹುಬ್ಬಿಲ್ಲ, ಕೂದ್ಲಿಲ್ಲ. ಈ ಮುಖ ನೋಡಿದ್ರೆ ನಿಮ್ಮ ತಮ್ಮ ಪ್ಲಾಸ್ಟರ್ ಹರ್ಕೊಂಡು ಬರ್ತಾರೆ ಅಕ್ಕ. ಎರ್ಮೆಕ್ ಎಲ್ಲಿ ಅಂತ ಕೇಳಿದ್ರೆ ನಾನು ಸುಳ್ಳು ಹೇಳಲಾರೆ. ನನ್ನ ಬಿಟ್ಟುಬಿಡಿ."

ಬಿಟ್ಟುಬಿಟ್ಟೆ.

ಬುರುಲ್


ಬಾತ್ಕೆನ್, ಜುಲೈ 15

ತಮ್ಮಾ,

ನಿನ್ನ ಹಾರಾಟದ ಕಾಗದವನ್ನು ಎಲ್ಲರಿಗೂ ಓದಿ ಹೇಳಿದೆ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಹೀಗೇ ಹಾರಾಡುತ್ತಿರು, ಹೊತ್ತು ಹೋಗುತ್ತದೆ. ಎರ್ಮೆಕ್‌ಗೆ ಹೇಳುತ್ತೇನೆ.

ಗುಲ್ಬಾರ್ಚಿನ್‌ಗೆ ಗಂಟಲು ಕಟ್ಟಿದೆ, ಮಾತು ಹೊರಡುವುದಿಲ್ಲ. ಫೋಟೊ ಬೇಡ ಅನ್ನುತ್ತಾಳೆ. ಅವಳ ಚಿಂತೆ ಬಿಡು, ನಾವೆಲ್ಲ ಇದ್ದೇವೆ. ನೀನು ಬೇಗ ವಾಸಿಯಾಗಿ ಊರಿಗೆ ಬಾ. ದೊಡ್ಡಪ್ಪನಿಗೆ ನಿನ್ನ ಹತ್ತಿರ ಮಾತಾಡುವುದಿದೆಯಂತೆ.

ನಿನ್ನ ಅಕ್ಕ


ಸುರ್ಗುತ್, ಜುಲೈ 19

ಅಕ್ಕಾ,

ದೊಡ್ಡಪ್ಪನಿಗೆ ಮಾತಾಡೋದಿದೆ ಅಂದ್ಯಲ್ಲ. ಅರ್ಥ ಆಯ್ತು. ಹೇಳಬೇಕಾದವರು ಹೇಳಲಿ. ಅಲ್ಲಿವರೆಗೆ ನಾನು ಏನೂ ಕೇಳಲ್ಲ. ನೀನೂ ಬರೆಯೋಕೆ ಕಷ್ಟಪಡಬೇಡ.

ಮೂರು ದಿನದಿಂದ ಊಟ ಸೇರ್ತಿಲ್ಲ. ವಗೀಜ್ ಸಾರು ಮಾಡಿ ಇಟ್ಟ, ಗೋಡೆಗೆ ಎಸೆದೆ. ಅವನು ಬಟ್ಟೆ ತಂದು ಒರೆಸಿದ. "ಯಾರು ಹೋದ್ರು?" ಅಂದ. "ಬಾಯಿ ಮುಚ್ಚು" ಅಂದೆ.

ಈಗಲೂ ಹಾರ್ತೀನಿ. ಬೆಟ್ಟ ನೋಡೋಕಲ್ಲ. ಮರದ ತುದಿ ತಾಗೋ ಹಾಗೆ ಕಾಲುವೆ ಆಚೆಗೆ ಹಾರ್ತೀನಿ. ವಿಮಾನ ನಿಲ್ಲಿಸಿಟ್ಟು ಬರೀ ಕಣ್ಣನ್ನ ಬೇಕಾದ ಕಡೆ ಒಯ್ಯಬಹುದು ಅಂತ ಕಲಿತೆ. ಒಂದೊಂದು ಮನೆ ಮೇಲೂ ಹೋಗಿ ನಿಂತು ನಮ್ಮ ಅಂಗಳ ಕಾಣುತ್ತಾ ಅಂತ ನೋಡಿದೆ. ನೋಡಿದ ಮೇಲೆ ಒಂದು ಮನೆ ಆರಿಸಿ ವಿಮಾನವನ್ನ ಅದರ ಮೇಲೆ ಬೀಳಿಸಿದೆ. ಏನೂ ಆಗಲ್ಲ ಅಕ್ಕಾ. ಬೆಂಕಿ ಇಲ್ಲ, ಕೂಗು ಇಲ್ಲ. ಪರದೆ ಕಪ್ಪಾಗುತ್ತೆ, ಮತ್ತೆ ಓಶ್‌ನಲ್ಲಿ ನಿಂತಿರ್ತೀನಿ, ಇಂಜಿನ್ ತಣ್ಣಗೆ. ಮತ್ತೆ ಏರಿ ಮತ್ತೆ ಬೀಳಿಸಿದೆ. ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದೀನಿ. ಮನೆ ಹಾಗೇ ನಿಂತಿದೆ.

ಶಾಬ್ದಾನ್ ನಂಬರು ಬದಲಾಗಿದ್ರೆ ಕಳಿಸು.

ಮಾಮಸಾಲಿ


ಬಾತ್ಕೆನ್, ಜುಲೈ 20

ತಮ್ಮಾ,

ನೀನು ಬೇಡ ಅಂದ ಮೇಲೆ ಕಳಿಸುವ ಕಾಗದಕ್ಕೆ ಏನು ಬರೆಯಲಿ? ಶಾಬ್ದಾನ್‌ನ ನಂಬರು ಮಾತ್ರ ಕಳಿಸಿದೆ. ಇದು ನನಗೆ.

ಎರ್ಮೆಕ್ ಇಲ್ಲ ಅಂತ ನಿನಗೆ ತಿಳಿದುಹೋಗಿದೆ. ಯಾರೂ ಹೇಳದೆ, ನೀನೇ ತಿಳಿದುಕೊಂಡೆ. ಹಿರಿಯರು ಬಾಯಿಬಿಡುವ ತನಕ ಕೇಳಬಾರದು ಅಂತ ಪದ್ಧತಿಯನ್ನೂ ಇಟ್ಟುಕೊಂಡೆ. ದೊಡ್ಡಪ್ಪನಿಗೆ ಓದಿ ಹೇಳಿದಾಗ ಅವರು, "ನೋಡಿದ್ಯಾ, ಹುಡುಗ ಗಂಡಸಾಗಿದಾನೆ" ಅಂದರು. ಆ ವಿಮಾನ ಬೀಳಿಸುವ ಮಾತಿಗೆ ನಾನು ಹೆದರಿದೆ. ಅವರು, "ಬೀಳಿಸ್ಲಿ ಬಿಡು. ಆಟದ ಮನೆ ತಾನೇ? ಅವನ ಕೋಪ ಅಲ್ಲೇ ತೀರ್ಲಿ" ಅಂದರು. ನನಗೂ ಅದು ಸರಿ ಅನ್ನಿಸಿತು. ಅವತ್ತಿನಿಂದ ಇವತ್ತೇ ನನಗೆ ಸ್ವಲ್ಪ ರೊಟ್ಟಿ ಇಳಿದದ್ದು.

ಬುರುಲ್


ಸುರ್ಗುತ್, ಜುಲೈ 23

ಅಕ್ಕಾ,

ಈಗ ಹೇಳ್ತೀನಿ. ಇನ್ನು ಮುಚ್ಚಿಡಬೇಕಾದ್ದಿಲ್ಲ.

ಶಾಬ್ದಾನ್ ಸಂದೇಶ ಕಳಿಸಿದ: "ಕೆಲಸ ಆಯ್ತು ಅಣ್ಣ, ಉರೀತಾ ಇದೆ." ಇವತ್ತು ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕಾಲುವೆ ದಾಟಿದ್ದಾರೆ. ಮನೆ ತೋರಿಸಿಕೊಟ್ಟೋನು ನಾನು. ಕಾಲುವೆ ಆಚೆ, ಪೋಪ್ಲರ್ ಮರಗಳ ಹಿಂದೆ, ಎರಡು ಅಂತಸ್ತಿನ ನೀಲಿ ಮಾಡಿನ ಮನೆ. ಕೊಟ್ಟಿಗೆ ಸುಟ್ಟಿದೆ ಅಂತ ಬರೆದಿದ್ದೆ, ಹಾಗಾದ್ರೆ ಅವಳು ಬಿದ್ದದ್ದು ಅಲ್ಲೇ. ಅದರ ಮೇಲಿನ ಕಿಟಕಿಯಿಂದ ಮಾತ್ರ ನಮ್ಮ ಕೊಟ್ಟಿಗೆ ಬಾಗಿಲು ನೇರ ಕಾಣುತ್ತೆ. ಎಲ್ಲಾ ಮನೆ ಮೇಲೂ ನಿಂತು ನೋಡಿದೆ, ಬೇರೆ ಯಾವುದರಿಂದಲೂ ಕಾಣಲ್ಲ. ಚಿತ್ರದ ಮೇಲೆ ಕೆಂಪು ಸುತ್ತು ಹಾಕಿ ಕಳಿಸಿದೆ.

ನೀನು ಚೆನ್ನಾಗಿ ಬರೆದೆ ಅಕ್ಕಾ, ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ನನ್ನನ್ನ ಮಗು ಅಂದುಕೊಂಡೆಯಾ? ನಾನು ಸೈನ್ಯದಲ್ಲಿದ್ದಾಗ ಅಪ್ಪ ತೀರಿಕೊಂಡ್ರು. ಆಗ ನೀನು ಏನು ಬರೆದಿದ್ದೆ? "ಅಪ್ಪನಿಗೆ ಸ್ವಲ್ಪ ಜ್ವರ. ಅಷ್ಟೇ." ನಮ್ಮಲ್ಲಿ ಸತ್ತವರಿಗೆ ಮೊದಲು ಜ್ವರ ಬರುತ್ತೆ, ಆಮೇಲೆ ಮಾತು ನಿಲ್ಲುತ್ತೆ, ಆಮೇಲೆ ದೊಡ್ಡಪ್ಪನಿಗೆ ಮಾತಾಡೋದಿರುತ್ತೆ. ಗುಲ್ಬಾರ್ಚಿನ್ ಇಲ್ಲ ಅಂತ ನಿನ್ನ ಮೊದಲ ಕಾಗದದಲ್ಲೇ ಗೊತ್ತಾಯ್ತು. ನಂಬಬಾರದು ಅಂತ ವಿಮಾನದ ಕಥೆ ಬರೆದೆ. ಒಂದು ಮಾತು ಆಡಿಸು ಅಂತ ಬೇಡಿಕೊಂಡೆ. ಎರಡನೇ ಕಾಗದ ಬಂದ್ಮೇಲೆ ಬೇಡೋದನ್ನ ಬಿಟ್ಟೆ.

ಎರ್ಮೆಕ್ ಕೆಳಗೆ ಬಂದಾಗ ಹೇಳು, ಅತ್ತಿಗೆಗಾಗಿ ಅಣ್ಣ ಸುಮ್ನೆ ಕೂರಲಿಲ್ಲ ಅಂತ. ಗೋರಿ ಎಲ್ಲಿ ಮಾಡಿದ್ರಿ? ಅದೊಂದು ಬರಿ.

ಮಾಮಸಾಲಿ


ಬಾತ್ಕೆನ್, ಜುಲೈ 24

ಮಾಮಸಾಲಿ,

ಇದನ್ನು ಕಳಿಸುತ್ತಿದ್ದೇನೆ. ದೊಡ್ಡಪ್ಪ ಬೇಡ ಅಂದರು, ಹಿರಿಯರು ಎದುರು ಕೂತು ಹೇಳಬೇಕಾದ್ದನ್ನು ಹೆಂಗಸು ಕಾಗದದಲ್ಲಿ ಬರೆಯಬಾರದು ಅಂದರು. ನಾನು ಬರೆಯುತ್ತೇನೆ. ನಿನ್ನ ತೋಳು ಹಿಡಿದುಕೊಳ್ಳಲು ವಗೀಜ್‌ನನ್ನು ಕರೆ. ಅವನು ಬಂದ ಮೇಲೆ ಮುಂದೆ ಓದು.

ಗುಲ್ಬಾರ್ಚಿನ್ ಬದುಕಿದ್ದಾಳೆ. ಅವಳಿಗೆ ಬಂದದ್ದು ಬರೀ ಜ್ವರ. ಹೊಗೆ ಕುಡಿದು ದನಿ ಹೋಗಿತ್ತು. ಸತ್ತವನು ಎರ್ಮೆಕ್. ಜುಲೈ 8ರಂದು, ನಿನ್ನ ಹೆಂಡತಿಯನ್ನು ಬೆಂಕಿಯಿಂದ ಎಳೆದು ಹಾಕಿದ ಮೇಲೆ, ಹಸು ಬಿಚ್ಚುವಾಗ, ಕಿವಿಯ ಹಿಂದೆ ಗುಂಡು. ಕುರಿಗಳ ಜೊತೆ ಮೇಲೆ ಹೋದ ಅಂತ ನಾನು ಬರೆದದ್ದು ಸುಳ್ಳು. ಆ ಒಂದು ಸುಳ್ಳನ್ನು ಕಾಯುವುದರಲ್ಲೇ ಮುಳುಗಿ, ಪಕ್ಕದಲ್ಲಿ ಬರೆದ ನಿಜವನ್ನು ನೀನು ಹೇಗೆ ಓದುತ್ತೀಯ ಅಂತ ಯೋಚಿಸಲಿಲ್ಲ.

ನಿನ್ನ ಕಾಗದವನ್ನು ಗುಲ್ಬಾರ್ಚಿನ್ ಕೈಗೆ ಕೊಟ್ಟೆ. ಸಾರು ಕುಡಿಯುತ್ತಿದ್ದಳು. ಓದಿ ಬಟ್ಟಲು ಕೆಳಗಿಟ್ಟಳು. ಇಷ್ಟು ದಿನ ಬಾರದ ದನಿ ಆಗ ಬಂತು, ಒಡಕು ಒಡಕಾಗಿ: "ನನ್ನ ಯಾವಾಗ ಸಾಯಿಸಿದ್ರಿ ಅಕ್ಕ?" ಆಮೇಲೆ, "ನನ್ನ ಹೆಸರು ಹೇಳಿ ಯಾರನ್ನ ಸುಟ್ರು?" ಅಂದಳು.

ಹೇಳುತ್ತೇನೆ ಯಾರನ್ನು ಅಂತ. ಶಾಬ್ದಾನ್‌ನ ಜೊತೆ ಹೋಗಿದ್ದ ಇಬ್ಬರಲ್ಲಿ ಒಬ್ಬ ಹಿಂದಿರುಗಿ ನನ್ನ ಮುಂದೆ ಕೂತು ಹೇಳಿದ. ಗೋಡೆ ಹಾರಿ ಒಳಗೆ ಹೋದಾಗ ಮನೆ ತಗ್ಗಾಗಿತ್ತಂತೆ. ಒಂದೇ ಅಂತಸ್ತಿನ ಮಣ್ಣಿನ ಮನೆ, ಮೇಲೆ ನೀಲಿ ತಗಡು, ಮುಂದೆ ಮರಗಳು. ಅಲ್ಲಿಂದ ಕಾಲುವೆಯೂ ಕಾಣುತ್ತಿರಲಿಲ್ಲ.

"ಮಹಡಿ ಎಲ್ಲೋ?" ಅಂತ ಇವನು ಕೇಳಿದನಂತೆ.

ಶಾಬ್ದಾನ್ ಫೋನು ತೆಗೆದು ಚಿತ್ರ ನೋಡಿದ, ಮನೆ ನೋಡಿದ. "ನೀಲಿ ಇದೆ ತಾನೇ? ಬಂದಾಗಿದೆ, ಎಸಿ!" ಅಂದ. ಪೆಟ್ರೋಲಿನ ಬಾಟಲಿಗಳನ್ನು ಎಸೆದರು.

ಒಳಗೆ ತಂದೂರಿನ ಹತ್ತಿರ ಒಬ್ಬ ಮುದುಕಿ ರೊಟ್ಟಿ ಬಡಿಯುತ್ತಿದ್ದಳು. ಬೆಂಕಿ ಹತ್ತಿದ ಬಟ್ಟೆಯಲ್ಲೇ ಅಂಗಳಕ್ಕೆ ಓಡಿ ಬಂದಳು. ಇವರ ಮುಖ ನೋಡಿ ತನ್ನ ಭಾಷೆಯಲ್ಲಿ ಏನೋ ಕೂಗಿದಳು. ಬಾವಿಯ ಕಡೆ ಓಡಿ, ಬಾವಿ ಮುಟ್ಟುವ ಮೊದಲೇ ಬಿದ್ದಳು. ಇವನು ಅವಳ ಮೇಲೆ ತನ್ನ ಕೋಟು ಎಸೆದು ಆರಿಸಲು ಹೋದನಂತೆ, ಶಾಬ್ದಾನ್ ಎಳೆದುಕೊಂಡು ಬಂದ. ತೋಟದಲ್ಲಿ ನಿಂತು ನಿನಗೆ ಸಂದೇಶ ಕಳಿಸಿದ್ದು ಆಗ.

ಸತ್ತವಳ ಹೆಸರು ಸಫರ್ಮೋ. ಗಡಿ ಮುಚ್ಚುವ ಮೊದಲು ಸೇತುವೆಯ ಹತ್ತಿರ ಎಳ್ಳು ಹಾಕಿದ ರೊಟ್ಟಿ ಮಾರುತ್ತಿದ್ದಳು. ನೀನೂ ತಿಂದಿದ್ದೀಯ. ಅವಳ ಮನೆಯಲ್ಲಿ ಬಂದೂಕು ಇರಲಿಲ್ಲ, ಕಿಟಕಿಯೂ ಈ ಕಡೆಗಿರಲಿಲ್ಲ. ನಿನ್ನ ಯಂತ್ರ ನಮ್ಮ ಮನೆಗೆ ಕಟ್ಟಿದ ಹಾಗೆ ಅವಳ ಮನೆಗೂ ಒಂದು ಮಹಡಿ ಕಟ್ಟಿತ್ತು. ನಮ್ಮ ಮನೆಯದಕ್ಕೆ ನೀನು ನಕ್ಕೆ. ಅವಳ ಮನೆಯದನ್ನು ನಂಬಿದೆ.

ಹಿಂದಿರುಗುವಾಗ ಕಾಲುವೆಯ ನಡುವೆ ಶಾಬ್ದಾನ್‌ಗೆ ಹೊಟ್ಟೆಗೆ ಗುಂಡು ಬಿತ್ತು. ಕರುಳನ್ನು ಅಂಗಿಯಲ್ಲಿ ಹಿಡಿದುಕೊಂಡು ಈ ದಡಕ್ಕೆ ಬಂದ. ಟ್ರಕ್ಕಿನಲ್ಲಿ ತಂದು ನನ್ನ ಮುಂದೆಯೇ ಇಳಿಸಿದರು. ಹಣೆಯ ಹಳೆಯ ಗಾಯ ಇನ್ನೂ ಒಣಗಿರಲಿಲ್ಲ. ಗುಲ್ಬಾರ್ಚಿನ್ ಗುಂಪಿನೊಳಗಿಂದ ಮುಂದೆ ಬಂದಳು. ಅವಳನ್ನು ನೋಡಿ ಅವನು, "ಅತ್ತಿಗೇ, ನೀನು ಇಲ್ಲಿ ಏನ್ಮಾಡ್ತಿದೀಯ?" ಅಂದ. ಅವಳು ಬಾಯಿ ತೆರೆಯುವ ಮೊದಲೇ ಅವನ ಪ್ರಾಣ ಹೋಯಿತು. ಅವಳು ಇಲ್ಲಿ ನಮ್ಮ ಜೊತೆ ಶಾಲೆಯಲ್ಲಿ ಬದುಕಿದ್ದಾಳೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವನು ಊರು ಕಾಯುವವರ ಜೊತೆ ಸಾರಿ-ಜಾರ್‌ನಲ್ಲೇ ಇದ್ದ, ಎರ್ಮೆಕ್ ಹೋದದ್ದು ಗೊತ್ತಿದ್ದರೂ ಹಿರಿಯರು ಹೇಳುವ ತನಕ ಅಂತ ನಿನ್ನ ಹತ್ತಿರ ಬಾಯಿಬಿಡಲಿಲ್ಲ, ಅತ್ತಿಗೆಯೂ ಆಮೇಲೆ ಹೋದಳು ಅಂತ ನೀನು ಹೇಳಿದ್ದನ್ನು ನಂಬಿದ.

ಇಲ್ಲಿ ಹೆಂಗಸರು ಮುಖ ಪರಚಿಕೊಂಡು ಅಳುತ್ತಿದ್ದಾರೆ. ಹುಡುಗರು ಮತ್ತೆ ಬಾಟಲಿ ತುಂಬುತ್ತಿದ್ದಾರೆ. ಈ ಸಲ ಶಾಬ್ದಾನ್‌ನ ಹೆಸರಿನಲ್ಲಿ. ನಿನ್ನ ಚಿತ್ರವನ್ನು ಒಬ್ಬರಿಂದ ಒಬ್ಬರು ಕಳಿಸಿಕೊಂಡಿದ್ದಾರೆ, ಅದರ ಮೇಲೆ ಹೊಸ ಹೊಸ ಸುತ್ತು ಹಾಕುತ್ತಿದ್ದಾರೆ. ಅದು ಯಂತ್ರದ ಊಹೆ, ಅದರಲ್ಲಿರುವ ಮಹಡಿಗಳು ನಿಜವಲ್ಲ ಅಂತ ನಾನು ಪ್ರತಿಯೊಬ್ಬನ ಮುಂದೆ ನಿಂತು ಹೇಳಿದೆ. "ನೀವು ಸುಮ್ನಿರಿ, ಮಾಮಸಾಲಿ ಅಣ್ಣ ಆಕಾಶದಿಂದ ನೋಡಿದಾರೆ" ಅಂದರು. ನಾನು ಹೇಳಿದರೆ ಕೇಳುವುದಿಲ್ಲ. ನೀನೇ ದನಿಯಲ್ಲಿ ಹೇಳಿ ಕಳಿಸು, ಪ್ರತಿಯೊಬ್ಬನಿಗೂ, ಈ ಕಾಗದ ಓದಿ ಮುಗಿಸಿದ ತಕ್ಷಣ. ಅತ್ತುಕೊಂಡಾದರೂ ಹೇಳು.

ಎರ್ಮೆಕ್‌ನ ಗೋರಿ ಇಲ್ಲೇ ಬಾತ್ಕೆನ್‌ನಲ್ಲಿದೆ. ನೀನು ಕೇಳಿದ್ದು ಬೇರೆ ಗೋರಿ, ನಾನು ಹೇಳಬಲ್ಲದ್ದು ಇದೊಂದೇ.

ಶಾಬ್ದಾನ್‌ನ ಫೋನು ನನ್ನ ಹತ್ತಿರ ಇದೆ. ಅವನ ತಾಯಿ ಅದನ್ನು ತಂದೂರಿಗೆ ಹಾಕು ಅಂತಾಳೆ, ದೊಡ್ಡಪ್ಪ ಕಾಲುವೆಗೆ ಎಸೆ ಅಂತಾರೆ. ಅದರಲ್ಲಿ ನಿನ್ನ ಹೆಸರಿದೆ, ನಿನ್ನ ಕೆಂಪು ಸುತ್ತು ಇದೆ. "ನಿನ್ನ ಒಡಹುಟ್ಟಿದವನು ಕಣೇ" ಅಂತ ದೊಡ್ಡಪ್ಪ ನನ್ನ ಮೇಲೆ ಕೈಯೆತ್ತಿದರು. ಗುಲ್ಬಾರ್ಚಿನ್ ನಡುವೆ ಬಂದು ನಿಂತಳು. ಎರಡೂ ಕಡೆಯ ಹಿರಿಯರು ಕೂತು ಒಂದು ಮಾತಿಗೆ ಬಂದಿದ್ದಾರೆ: ಸುಟ್ಟದ್ದು ಯಾಕೆ, ಹೇಳಿಕೊಟ್ಟದ್ದು ಯಾರು ಅಂತ ಗೊತ್ತಾದರೆ ಆಚೆಯ ಹಿರಿಯರು ತಮ್ಮ ಹುಡುಗರನ್ನು ತಡೆಯುತ್ತಾರೆ, ಗೊತ್ತಾಗದಿದ್ದರೆ ತಡೆಯುವುದಿಲ್ಲ.

ನಾಳೆ ಬೆಳಿಗ್ಗೆ ತನಿಖೆಯವರು ಶಾಲೆಗೆ ಬರುತ್ತಾರೆ. ಫೋನನ್ನು ನಾನೇ ಅವರ ಕೈಗೆ ಕೊಡುತ್ತೇನೆ.

ಬುರುಲ್